ಮೊಬೈಲು ನಮ್ಮದು, ಹಾದಿ ಯಾರದು?

ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆ ಎಲ್ಲಿ ತಯಾರಾಯಿತು, ಯಾವ ಅಂಗಡಿಯಲ್ಲಿ ಅದನ್ನು ಕೊಂಡಿರಿ ಎಂದು ಮೈಸೂರು ನಿಲಯವಾಗಲಿ ಬೆಂಗಳೂರು ನಿಲಯವಾಗಲಿ ಎಂದಾದರೂ ಕೇಳಿದ್ದುಂಟೆ? ಇಲ್ಲ. ಮುಳ್ಳನ್ನು ತಿರುಗಿಸಿದಿರಿ, ಹಾಡು ಬಂತು. ಇನ್ನಷ್ಟು ತಿರುಗಿಸಿದಿರಿ, ವಾರ್ತೆ ಬಂತು. ಅಂಗೈಯಲ್ಲಿ ಹಿಡಿಯುವ ಮೊಬೈಲು ಸಹ ಬಗೆಯಲ್ಲಿ ಒಂದು ರೇಡಿಯೋವೇ ಸರಿ. ಆದರೆ ರೇಡಿಯೋ ಕೇಳುತ್ತದೆ, ಅಷ್ಟೆ; ಮೊಬೈಲು ಕೇಳುವುದಲ್ಲದೆ ಮರಳಿ ನುಡಿಯುತ್ತದೆ. ಮರಳಿ ನುಡಿಯುವವನನ್ನು ಎದುರಿನವರು "ನೀನು ಯಾರವನು?" ಎಂದು ಕೇಳದೆ ಬಿಡುವುದಿಲ್ಲ. ತೊಡಕೆಲ್ಲ ಹುಟ್ಟುವುದು ಈ ಪ್ರಶ್ನೆಯಿಂದ. ನಮ್ಮ ಕೈಯ ಮೊಬೈಲನ್ನು ಬೇರೊಂದು ಕಂಪನಿಯ ಜಾಲದಲ್ಲಿ ನಡೆಸಬಹುದೆ, ನಡೆಸುವುದಾದರೆ ಹೇಗೆ, ಎಲ್ಲಿ ಅದು ನಡೆಯದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಕನ್ನಡ ಪಾಠ ಹೇಳುವವನಿಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ಕಾರಣವುಂಟು. ಮದ್ದೂರು ತಾಲ್ಲೂಕಿನಲ್ಲಿ ಕೊಪ್ಪದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಅಕ್ಕ ಒಬ್ಬರೇ ಇದ್ದಾರೆ. ಭಾವನವರು ತೀರಿಕೊಂಡ ಮೇಲೆ ಅವರ ಮೊಬೈಲನ್ನೂ ಅವರ ಸಂಖ್ಯೆಯನ್ನೂ ಅಕ್ಕನೇ ಇಟ್ಟುಕೊಂಡರು. ದಪ್ಪ ಮಣ್ಣುಗೋಡೆಯ ಹಳೆಯ ಮನೆ; ಜಗಲಿಯ ಮೇಲೆ ನಿಂತರೆ ಮಾತು ಕೇಳುತ್ತಿತ್ತು, ನಡುಮನೆಗೆ ಬಂದರೆ ಕಡಿದುಹೋಗುತ್ತಿತ್ತು. ಹೋದ ಮಳೆಗಾಲದ ಒಂದು ರಾತ್ರಿ ಅವರಿಗೆ ಎದೆ ಹಿಡಿದುಕೊಂಡಿತು. ಹಾಸಿಗೆಯ ಮೇಲಿಂದಲೇ 108ಕ್ಕೆ ಮತ್ತೆ ಮತ್ತೆ ಒತ್ತಿದರಂತೆ. ಕರೆ ಹೋಗಲೇ ಇಲ್ಲ. ಮೊಬೈಲಿನ ಮೇಲೆ "ತುರ್ತು ಕರೆ ಮಾತ್ರ" ಎಂಬರ್ಥದ ಇಂಗ್ಲಿಷ್ ಮಾತು ಕಾಣಿಸುತ್ತಿತ್ತು. ಇದಕ್ಕಿಂತ ತುರ್ತು ಯಾವುದು ಎಂದು ಅವರು ನೊಂದುಕೊಂಡರು. ಹೇಗೋ ಗೋಡೆ ಹಿಡಿದು ಬಾಗಿಲಿಗೆ ಬಂದು ಕೂಗಿದಾಗ ಪಕ್ಕದ ಮನೆಯ ಹುಡುಗ ಓಡಿ ಬಂದ. ಅವನದು ಬೇರೆ ಕಂಪನಿಯ ಮೊಬೈಲು. ಅದೇ ನಡುಮನೆಯಲ್ಲಿ ನಿಂತು ಅವನು ಕರೆ ಮಾಡಿದ. ಆಂಬುಲೆನ್ಸ್ ಬಂತು, ಮಂಡ್ಯದ ಆಸ್ಪತ್ರೆಯನ್ನು ಹೊತ್ತಿಗೆ ಮುಟ್ಟಿದರು, ದೇವರ ದಯೆಯಿಂದ ಉಳಿದರು.

"ಆ ಹುಡುಗನ ಕಂಪನಿಗೇ ನೀನೂ ಸೇರಿಕೊಳ್ಳಕ್ಕ" ಎಂದೆ. ಅಕ್ಕ ಒಪ್ಪಲಿಲ್ಲ. "ಇದು ನಿಮ್ಮ ಭಾವನೋರ ನಂಬರು ಕಣಪ್ಪ. ಕಂಪನಿ ಬಿಟ್ಟರೆ ನಂಬರೂ ಹೋಗುತ್ತಂತೆ. ಬ್ಯಾಂಕಲ್ಲೂ ಇದೇ, ಗ್ಯಾಸಿಗೂ ಇದೇ. ಅವರನ್ನ ನೆನೆಸಿಕೊಂಡು ಫೋನು ಮಾಡೋರಿಗೂ ಇದೊಂದೇ ಗೊತ್ತು" ಎಂದರು. ಅಷ್ಟರಲ್ಲಿ ಅಮೆರಿಕದಲ್ಲಿರುವ ಅವರ ಮಗ, ಅಮ್ಮನ ಮೊಬೈಲು ಹಳೆಯದಾಯಿತು, ಅದಕ್ಕೇ ಹೀಗೆ ಎಂದು ಭಾವಿಸಿ, ತಾನು ಬಳಸುತ್ತಿದ್ದ ಬೆಲೆಬಾಳುವ ಮೊಬೈಲನ್ನು ಊರಿಗೆ ಬರುವವರ ಕೈಯಲ್ಲಿ ಕಳುಹಿಸಿಕೊಟ್ಟ. ಅದಕ್ಕೆ ಇಲ್ಲಿಯ ಸಿಮ್ಮು ಹಾಕಿದರೆ, ಈ ಸಿಮ್ಮು ತನಗೆ ಸಲ್ಲದು ಎಂದು ಅದು ಹೇಳಿತು. ಸಂಖ್ಯೆಯೊಂದು ಗಂಟು, ಯಂತ್ರವೊಂದು ಗಂಟು. ಎರಡನ್ನೂ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಬಿಚ್ಚುತ್ತ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೂರು ವಸ್ತು, ಮೂವರು ಒಡೆಯರು

ನಾವು ಮೊಬೈಲು ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಬೇರೆ ಬೇರೆಯಾದ ಮೂರು ವಸ್ತುಗಳಿವೆ. ಮೊದಲನೆಯದು ಕೈಯಲ್ಲಿರುವ ಯಂತ್ರ. ಅದನ್ನು ಹಣ ಕೊಟ್ಟು ಕೊಂಡವರು ನೀವು, ಅದು ನಿಮ್ಮದು. ಎರಡನೆಯದು ಹತ್ತಂಕಿಯ ಸಂಖ್ಯೆ. ಇದನ್ನು ಹಂಚುವುದು ಸರ್ಕಾರ. ಕಂಪನಿಯ ಮೂಲಕ ನಿಮ್ಮ ಹೆಸರಿಗೆ ಬಂದಿರುತ್ತದೆ. ಮೂರನೆಯದು ಜಾಲ, ಎಂದರೆ ಟವರುಗಳೂ ತಂತಿಗಳೂ ಸೇರಿದ ಹಾದಿ. ಇದನ್ನು ನಡೆಸುವುದು ಕಂಪನಿ. ಈ ಮೂರನ್ನೂ ಒಟ್ಟಿಗೆ ಬೆಸೆಯುವುದು ಉಗುರಿನಷ್ಟಗಲದ ಆ ಸಿಮ್ಮು. ವ್ಯಾಕರಣದಲ್ಲಿ ಪ್ರಕೃತಿಗೆ ಪ್ರತ್ಯಯ ಹತ್ತಿದ ಮೇಲೆಯೇ ಪದವಾಗುವಂತೆ, ಯಂತ್ರಕ್ಕೆ ಸಿಮ್ಮು ಸೇರಿದ ಮೇಲೆಯೇ ಅದು ಮಾತಾಡುವ ಮೊಬೈಲು. ಪ್ರತ್ಯಯ ಬದಲಾಯಿಸಿದರೆ ಪ್ರಕೃತಿ ಕೆಡುವುದಿಲ್ಲ ಎಂಬುದನ್ನು ನೆನಪಿಡಬೇಕು.

ಸಿಮ್ಮಿನೊಳಗೆ ಹದಿನೈದು ಅಂಕಿಗಳ ಒಂದು ಗುರುತುಸಂಖ್ಯೆಯೂ ಒಂದು ಗುಟ್ಟಿನ ಕೀಲಿಯೂ ಇರುತ್ತವೆ. ನಿಮ್ಮ ಹತ್ತಂಕಿಯ ಸಂಖ್ಯೆ ಬೇರೆ, ಈ ಗುರುತುಸಂಖ್ಯೆ ಬೇರೆ. ಇದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ. ಭಾರತಕ್ಕೆ 404 ಮತ್ತು 405 ಬಳಕೆಯಲ್ಲಿವೆ. ಮುಂದಿನ ಅಂಕಿಗಳು ಕಂಪನಿಯನ್ನು ಹೇಳುತ್ತವೆ. ಮೊಬೈಲು ಹೊತ್ತಿಕೊಂಡ ಕೂಡಲೇ ಹತ್ತಿರದ ಟವರಿಗೆ ಈ ಗುರುತನ್ನು ಒಪ್ಪಿಸುತ್ತದೆ. ಟವರು ತನ್ನ ಕಂಪನಿಯ ದೊಡ್ಡ ದಫ್ತರದಲ್ಲಿ ವಿಚಾರಿಸುತ್ತದೆ. ಇವನು ನಮ್ಮವನು, ಹಣ ಸಂದಿದೆ ಎಂದು ಉತ್ತರ ಬಂದರೆ ಒಳಗೆ ಬಿಡುತ್ತದೆ. ಇಲ್ಲವಾದರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಇದೆಲ್ಲ ಕಣ್ಣೆವೆ ಬಡಿಯುವಷ್ಟರಲ್ಲಿ ನಡೆದುಹೋಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ನಮ್ಮೂರಿನದು ಇಂಥ ಕಂಪನಿಯ ಟವರು ಎಂದು ಜನ ಕಬ್ಬಿಣದ ಕಂಬವನ್ನು ತೋರಿಸುವುದುಂಟು. ಆದರೆ ಒಂದೇ ಕಂಬದ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾಗಳು ಕುಳಿತಿರುವುದು ಈಗ ಸಾಮಾನ್ಯ. ಕಂಬವನ್ನು ಬಾಡಿಗೆಗೆ ಕೊಡುವುದೇ ಕಸುಬಾದ ಸಂಸ್ಥೆಗಳಿವೆ. ಆದುದರಿಂದ ಕಂಬ ಹತ್ತಿರವಿದೆ ಎಂದ ಮಾತ್ರಕ್ಕೆ ನಿಮ್ಮ ಕಂಪನಿಯ ದನಿ ಅಲ್ಲಿಂದ ಹೊರಡುತ್ತದೆ ಎನ್ನುವಂತಿಲ್ಲ.

ಯಂತ್ರಕ್ಕೆ ಹಾಕಿದ ಬೀಗ

ಈಗ ಅಮೆರಿಕದಿಂದ ಬಂದ ಮೊಬೈಲಿನ ಸಂಗತಿ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ; ಅದಕ್ಕೆ ಬೀಗ ಹಾಕಿತ್ತು. ಮಂಡ್ಯದ ಸೀಮೆಯವರಿಗೆ ಇದನ್ನು ಕಬ್ಬಿನ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕಾರ್ಖಾನೆಯಿಂದ ಮುಂಗಡ ಪಡೆದು, ನಮ್ಮ ಕಬ್ಬನ್ನು ನಿಮಗೇ ಹಾಕುತ್ತೇವೆ ಎಂದು ಒಪ್ಪಿಗೆ ಮಾಡಿಕೊಂಡ ರೈತ, ಆ ವರ್ಷದ ಕಬ್ಬನ್ನು ಬೇರೆ ಆಲೆಗೆ ಸಾಗಿಸುವಂತಿಲ್ಲ. ಗದ್ದೆ ಅವನದೇ, ಕಬ್ಬೂ ಅವನದೇ. ಆದರೆ ಬಾಕಿ ತೀರುವವರೆಗೆ ಕೈ ಕಟ್ಟಿದೆ. ಹಾಗೆಯೇ ಅಮೆರಿಕದಲ್ಲಿ ಜನ ದುಬಾರಿಯ ಮೊಬೈಲನ್ನು ಸೇವಾ ಕಂಪನಿಯಿಂದಲೇ ಕಂತಿನ ಮೇಲೆ ಕೊಳ್ಳುವುದು ವಾಡಿಕೆ. ಕಂತು ಮುಗಿಯುವವರೆಗೆ ಯಂತ್ರ ಬೇರೆ ಜಾಲಕ್ಕೆ ಹೋಗದಂತೆ ಕಂಪನಿ ಅದರೊಳಗೆ ಒಂದು ಬೀಗವಿಡುತ್ತದೆ. ಇದು ಕಬ್ಬಿಣದ ಬೀಗವಲ್ಲ, ಲೆಕ್ಕದ ಬೀಗ. ಹೊಸ ಸಿಮ್ಮು ಹಾಕಿದೊಡನೆ ಯಂತ್ರ ಅದರ ಗುರುತುಸಂಖ್ಯೆಯ ಮೊದಲ ಅಂಕಿಗಳನ್ನು ಓದುತ್ತದೆ. ಅವು ತನ್ನ ಕಂಪನಿಯ ಅಂಕಿಗಳಲ್ಲದಿದ್ದರೆ ಸಿಮ್ಮನ್ನು ತಿರಸ್ಕರಿಸುತ್ತದೆ.

ನಮ್ಮ ದೇಶದಲ್ಲಿ ಈ ಪದ್ಧತಿ ಹೆಚ್ಚು ಬೇರೂರಲಿಲ್ಲ. ಅಂಗಡಿಯಲ್ಲಿ ಯಂತ್ರ ಕೊಂಡು, ಸಿಮ್ಮನ್ನು ಬೇರೆಯಾಗಿ ಪಡೆಯುವುದೇ ಇಲ್ಲಿಯ ರೂಢಿ. ಆದರೂ ಉದಾಹರಣೆಗಳಿಲ್ಲದೆ ಇಲ್ಲ. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ ಸಂಸ್ಥೆ 501 ರೂಪಾಯಿಯ ಮೊದಲ ಪಾವತಿಗೆ ಮೊಬೈಲನ್ನು ಜನರ ಕೈಗಿತ್ತಾಗ, ಆ ಯಂತ್ರಗಳು ಸಿ.ಡಿ.ಎಂ.ಎ. ಎಂಬ ಬೇರೆ ತಂತ್ರದವು. ಬೇರೆ ಕಂಪನಿಯ ಸಿಮ್ಮು ಹಾಕಿ ನಡೆಸುವಂತಿರಲಿಲ್ಲ. 2008ರ ಆಗಸ್ಟಿನಲ್ಲಿ ಐಫೋನ್ ಭಾರತಕ್ಕೆ ಬಂದಾಗ ಏರ್‌ಟೆಲ್ ಮತ್ತು ವೊಡಾಫೋನ್ ಎಂಬ ಎರಡೇ ಕಂಪನಿಗಳ ಮೂಲಕ, ಬೀಗದೊಡನೆ, ಮಾರಾಟವಾಯಿತು. 2017ರಲ್ಲಿ ಬಂದ ಜಿಯೋಫೋನ್ ಎಂಬ ಅಗ್ಗದ ಗುಂಡಿಯ ಮೊಬೈಲು ಆ ಕಂಪನಿಯ ಸಿಮ್ಮಿನಲ್ಲೇ ನಡೆಯುವಂತೆ ಮಾಡಿದ್ದು. ಹಳ್ಳಿಯ ಮನೆಗಳಲ್ಲಿ ಇದು ಈಗಲೂ ಕಾಣಸಿಗುವುದರಿಂದ, ಕಂಪನಿ ಬದಲಾಯಿಸುವ ಮುನ್ನ ಯಂತ್ರ ಯಾವುದೆಂದು ನೋಡಿಕೊಳ್ಳಬೇಕು.

ಬೀಗ ತೆಗೆಸುವುದು ಹೇಗೆ? ಹಾಕಿದವರ ಕೈಯಿಂದಲೇ ತೆಗೆಸಬೇಕು. ಅಮೆರಿಕದಲ್ಲಿ 2014ರ ಆಗಸ್ಟಿನಲ್ಲಿ ಬಂದ ಒಂದು ಕಾನೂನು, ಗ್ರಾಹಕನು ತನ್ನ ಯಂತ್ರದ ಬೀಗ ತೆಗೆಸಿಕೊಳ್ಳುವುದು ನ್ಯಾಯಸಮ್ಮತವೆಂದು ಹೇಳಿತು. ಕಂತು ಪೂರ್ತಿ ತೀರಿ, ಕಂಪನಿ ಗೊತ್ತುಮಾಡಿದ ದಿನಗಳು ಕಳೆದಿದ್ದರೆ, ಖಾತೆಯ ಒಡೆಯ ಕೇಳಿಕೊಂಡಾಗ ಅವರು ಬೀಗ ತೆಗೆದುಕೊಡುತ್ತಾರೆ. ಕೆನಡಾದಲ್ಲಿ 2017ರ ಡಿಸೆಂಬರಿನಿಂದ ಬೀಗವಿಲ್ಲದ ಯಂತ್ರಗಳನ್ನೇ ಮಾರಬೇಕೆಂಬ ನಿಯಮವಾಯಿತು. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಹಾಗಾಯಿತು. ಇದರಿಂದ ತಿಳಿಯುವುದೇನೆಂದರೆ, ಮಗನೋ ಮಗಳೋ ಪರದೇಶದಿಂದ ಮೊಬೈಲು ಕಳುಹಿಸುವುದಾದರೆ, ಕಳುಹಿಸುವ ಮೊದಲೇ ಅವರು ಅಲ್ಲಿ ಈ ಕೆಲಸ ಮುಗಿಸಬೇಕು. ಇಲ್ಲಿಗೆ ಬಂದ ಮೇಲೆ ನಾವು ಕೇಳಿದರೆ ಆ ಕಂಪನಿ ನಮ್ಮನ್ನು ಅರಿಯದು. ನಮ್ಮ ಅಕ್ಕನ ಮಗ ಉಳಿದಿದ್ದ ಕಂತನ್ನು ಕಟ್ಟಿ, ಅಲ್ಲಿಂದಲೇ ಬೇಡಿಕೆ ಸಲ್ಲಿಸಿದ ಮೇಲೆ, ಮದ್ದೂರಿನಲ್ಲಿದ್ದ ಯಂತ್ರದ ಬೀಗ ತಾನಾಗಿ ಬಿಟ್ಟಿತು.

ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಜನರಲ್, ಅಬೌಟ್ ಎಂಬಲ್ಲಿಗೆ ಹೋದರೆ, ಕ್ಯಾರಿಯರ್ ಲಾಕ್ ಎಂಬ ಸಾಲಿನೆದುರು ಸಿಮ್ಮಿನ ನಿರ್ಬಂಧವಿಲ್ಲ ಎಂಬರ್ಥದ ಮಾತಿದ್ದರೆ ಬೀಗವಿಲ್ಲ. ಬೇರೆ ಯಂತ್ರಗಳಲ್ಲಿ ಸುಲಭದ ಪರೀಕ್ಷೆಯೆಂದರೆ, ಇನ್ನೊಂದು ಕಂಪನಿಯ ಸಿಮ್ಮನ್ನು ಗೆಳೆಯರಿಂದ ಪಡೆದು ಹಾಕಿ ನೋಡುವುದು. ಇನ್ನೊಂದು ಮಾತು: 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದ ಮಾರುಕಟ್ಟೆಯ ಐಫೋನುಗಳಿಗೆ ಸಿಮ್ಮು ಇಡುವ ತಟ್ಟೆಯೇ ಇರುವುದಿಲ್ಲ. ಅವುಗಳಿಗೆ ಇ-ಸಿಮ್ ಎಂಬ, ಕಣ್ಣಿಗೆ ಕಾಣದ, ಯಂತ್ರದೊಳಗೇ ಬರೆದಿಡುವ ಸಿಮ್ಮು ಬೇಕು. ಏರ್‌ಟೆಲ್, ಜಿಯೋ, ವಿ ಕಂಪನಿಗಳು ಇದನ್ನು ಕೊಡುತ್ತವೆ.

ಕಡಿಮೆ ಹಣಕ್ಕೆ ಬೀಗ ಒಡೆದುಕೊಡುತ್ತೇವೆ ಎನ್ನುವ ಅಂಗಡಿಗಳ ಮಾತಿಗೆ ಮರುಳಾಗಬೇಡಿ. ಪ್ರತಿಯೊಂದು ಯಂತ್ರಕ್ಕೂ ಐ.ಎಂ.ಇ.ಐ. ಎಂಬ ಹದಿನೈದು ಅಂಕಿಗಳ ಜನ್ಮಸಂಖ್ಯೆಯುಂಟು. ಅದನ್ನು ತಿದ್ದುವುದು 2023ರ ದೂರಸಂಪರ್ಕ ಕಾಯಿದೆಯಂತೆ ಅಪರಾಧ. ಮೂರು ವರ್ಷದವರೆಗೆ ಸೆರೆಮನೆ, ದೊಡ್ಡ ದಂಡ, ಇಲ್ಲವೆ ಎರಡೂ ಉಂಟು. ಕದ್ದ ಮೊಬೈಲನ್ನು ಈ ಸಂಖ್ಯೆ ಹಿಡಿದು ಎಲ್ಲ ಕಂಪನಿಗಳ ಜಾಲದಲ್ಲೂ ಒಟ್ಟಿಗೆ ತಡೆಯುವ ಏರ್ಪಾಡು 2023ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ ಸಾಥಿಯ ಮೂಲಕ ದೇಶಕ್ಕೆಲ್ಲ ದೊರೆಯಿತು. ಹಳೆಯ ಮೊಬೈಲು ಕೊಳ್ಳುವವರು ಮೊದಲು ಅದರ ಜನ್ಮಸಂಖ್ಯೆಯನ್ನು ಪರೀಕ್ಷಿಸಬೇಕು. ನಕ್ಷತ್ರದ ಗುರುತು, ಹ್ಯಾಷ್ ಗುರುತು, 06, ಮತ್ತೆ ಹ್ಯಾಷ್ ಒತ್ತಿದರೆ ಆ ಸಂಖ್ಯೆ ಕಾಣಿಸುತ್ತದೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ತೆರಪು ಬಿಟ್ಟು ಅದನ್ನು ಬರೆದು 14422ಕ್ಕೆ ಕಿರುಸಂದೇಶ ಕಳುಹಿಸಿದರೆ ಯಂತ್ರದ ವಿವರ ಬರುತ್ತದೆ.

ಬೀಗ ಬಿಟ್ಟರೂ ಕಿವಿ ಹೊಂದಬೇಕು

ಬೀಗವಿಲ್ಲದಿದ್ದರೂ ಎಲ್ಲ ಯಂತ್ರಗಳೂ ಎಲ್ಲ ಜಾಲಗಳಲ್ಲೂ ಒಂದೇ ಸಮನಾಗಿ ನಡೆಯುವುದಿಲ್ಲ. ರೇಡಿಯೋ ಇಟ್ಟುಕೊಂಡ ನಿಮಗೆ ಇದನ್ನು ಹೇಳುವುದು ಕಷ್ಟವಲ್ಲ. ಮೀಡಿಯಂ ವೇವ್ ಮಾತ್ರ ಉಳ್ಳ ಹಳೆಯ ಪೆಟ್ಟಿಗೆಯಲ್ಲಿ ಮೈಸೂರಿನ ಎಫ್.ಎಂ. 100.6 ಕೇಳಿಸುತ್ತದೆಯೆ? ನಿಲಯ ಎಷ್ಟೇ ಹತ್ತಿರವಿರಲಿ, ಆ ಪಟ್ಟಿಯನ್ನು ಕೇಳುವ ಕಿವಿ ಪೆಟ್ಟಿಗೆಗಿಲ್ಲ. ಮೊಬೈಲಿನಲ್ಲೂ ಹಾಗೆಯೇ. ಒಂದೊಂದು ಕಂಪನಿಗೆ ಸರ್ಕಾರ ಒಂದೊಂದು ತರಂಗದ ಪಟ್ಟಿಗಳನ್ನು ಹಂಚಿದೆ: 700, 850, 900, 1800, 2100, 2300 ಮೆಗಾಹರ್ಟ್ಸ್ ಮುಂತಾಗಿ. ಯಂತ್ರದಲ್ಲಿ ಆ ಪಟ್ಟಿ ಇದ್ದರೆ ಮಾತ್ರ ಆ ಕಂಪನಿಯ ದನಿ ಅದಕ್ಕೆ ಕೇಳುತ್ತದೆ.

ಕೆಳಗಿನ ಪಟ್ಟಿಯ ತರಂಗಗಳು ದೂರ ಹೋಗುತ್ತವೆ, ಗೋಡೆಯನ್ನೂ ಬಹುಮಟ್ಟಿಗೆ ಹೊಕ್ಕು ಬರುತ್ತವೆ. ಮೇಲಿನ ಪಟ್ಟಿಯವು ಹೆಚ್ಚು ಮಾಹಿತಿ ಹೊರುತ್ತವೆ, ಆದರೆ ದಪ್ಪ ಗೋಡೆಗೆ ಸೋಲುತ್ತವೆ. ಅಕ್ಕನ ಜಗಲಿಗೂ ನಡುಮನೆಗೂ ನಡುವೆ ನಡೆದದ್ದು ಇದೇ. ಬಿ.ಎಸ್.ಎನ್.ಎಲ್. ಸಂಸ್ಥೆಯ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿಸಿದರು; ಅದು 700 ಮತ್ತು 2100ರ ಪಟ್ಟಿಗಳನ್ನು ಬಳಸುತ್ತದೆ. 700ರ ಪಟ್ಟಿ ಇಲ್ಲದ ಹಳೆಯ ಮೊಬೈಲನ್ನು ಹಿಡಿದು ಆ ಜಾಲಕ್ಕೆ ಹೋದವರು, ಮನೆಯೊಳಗೆ ಸದ್ದಿಲ್ಲ ಎಂದು ಕಂಪನಿಯನ್ನು ಬೈಯುವುದುಂಟು. ಕೊರತೆ ಕೈಯ ಯಂತ್ರದ್ದೂ ಆಗಿರಬಹುದು. ಹಾಗೆಯೇ 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋ ಜಾಲದಲ್ಲಿ 2ಜಿ ಎಂಬುದು ಇಲ್ಲವೇ ಇಲ್ಲ. ಮಾತು ಸಹ 4ಜಿಯ ಹಾದಿಯಲ್ಲೇ ಹೋಗಬೇಕು. ಇಪ್ಪತ್ತು ವರ್ಷದ ಹಿಂದಿನ ಗುಂಡಿಯ ಮೊಬೈಲು ಎಷ್ಟೇ ಗಟ್ಟಿಯಾಗಿದ್ದರೂ ಅಲ್ಲಿ ಮೂಕ. ಪರದೇಶದ ಕೆಲವು ಯಂತ್ರಗಳಲ್ಲಿ ಇಂಟರ್‌ನೆಟ್ ಬರುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಕಾರಣ ಇದೇ ತೆರನಾದ್ದು. ಯಂತ್ರದ ಪೆಟ್ಟಿಗೆಯೊಡನೆ ಬರುವ ಪುಸ್ತಿಕೆಯಲ್ಲಿ ಪಟ್ಟಿಗಳ ವಿವರವಿರುತ್ತದೆ. ಅದನ್ನು ಎಸೆಯದೆ ಇಟ್ಟುಕೊಳ್ಳಿ.

ಸಂಖ್ಯೆ ಹಾಗೇ, ಹಾದಿ ಬೇರೆ

ಇನ್ನು ಅಕ್ಕನ ದೊಡ್ಡ ಚಿಂತೆ, ಭಾವನವರ ಸಂಖ್ಯೆ. ಕಂಪನಿ ಬಿಟ್ಟರೆ ಸಂಖ್ಯೆಯೂ ಹೋಗುತ್ತದೆ ಎಂಬುದು ಒಂದು ಕಾಲಕ್ಕೆ ನಿಜವಾಗಿತ್ತು. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಮೊದಲಾಗಿ, 2011ರ ಜನವರಿ 20ರಿಂದ ದೇಶಕ್ಕೆಲ್ಲ, ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಾಯಿಸುವ ಹಕ್ಕು ದೊರೆಯಿತು. ಮೊದಲಿಗೆ ಅದು ಒಂದು ವಲಯದೊಳಗೆ, ಎಂದರೆ ನಮಗೆ ಕರ್ನಾಟಕದೊಳಗೆ ಮಾತ್ರ ಸಲ್ಲುತ್ತಿತ್ತು. 2015ರ ಜುಲೈ 3ರಿಂದ ಒಂದು ರಾಜ್ಯದ ಸಂಖ್ಯೆಯನ್ನು ಇನ್ನೊಂದು ರಾಜ್ಯದ ಜಾಲಕ್ಕೂ ಒಯ್ಯಬಹುದಾಯಿತು. ಮಂಗಳೂರಿನಿಂದ ಕಾಸರಗೋಡಿಗೆ ಹೋಗಿ ನೆಲೆಸಿದವರಿಗೂ ಮದ್ದೂರಿನಿಂದ ಹೊಸೂರಿಗೆ ದುಡಿಯಲು ಹೋದವರಿಗೂ ಇದರಿಂದ ಅನುಕೂಲ.

ಸಂಖ್ಯೆ ಅದೇ ಇದ್ದು ಕಂಪನಿ ಬೇರೆಯಾದರೆ, ಕರೆ ಮಾಡಿದವರ ದನಿಗೆ ದಾರಿ ಹೇಗೆ ತಿಳಿಯುತ್ತದೆ? ಹಿಂದೆ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳಿಂದಲೇ ಕಂಪನಿ ಯಾವುದೆಂದು ಹೇಳಬಹುದಿತ್ತು. ಈಗ ದೇಶವನ್ನು ಎರಡು ಭಾಗ ಮಾಡಿ, ಒಯ್ದ ಸಂಖ್ಯೆಗಳ ದಫ್ತರವನ್ನಿಡಲು ಎರಡು ಸಂಸ್ಥೆಗಳನ್ನು ನೇಮಿಸಿದ್ದಾರೆ. ನೀವು ಯಾರಿಗಾದರೂ ಕರೆ ಮಾಡಿದಾಗ, ಈ ಸಂಖ್ಯೆ ಸದ್ಯ ಯಾರ ಮನೆಯಲ್ಲಿದೆ ಎಂಬುದನ್ನು ನಿಮ್ಮ ಕಂಪನಿ ಮೊದಲು ಆ ದಫ್ತರದ ಪ್ರತಿಯಲ್ಲಿ ನೋಡಿಕೊಂಡು, ಆಮೇಲೆ ಕರೆಯನ್ನು ಅತ್ತ ಕಳುಹಿಸುತ್ತದೆ. ಮನೆ ಬದಲಾಯಿಸಿದವರ ಕಾಗದವನ್ನು ಅಂಚೆಯವರು ಹೊಸ ವಿಳಾಸಕ್ಕೆ ತಲುಪಿಸುವಂತೆ ಇದು.

ಮಾಡಬೇಕಾದ ಕ್ರಮ ಹೀಗಿದೆ. ನಿಮ್ಮ ಈಗಿನ ಸಂಖ್ಯೆಯಿಂದ, ಪೋರ್ಟ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ತೆರಪು ಬಿಟ್ಟು, ಹತ್ತಂಕಿಯ ಸಂಖ್ಯೆಯನ್ನು ಬರೆದು 1900ಕ್ಕೆ ಕಿರುಸಂದೇಶ ಕಳುಹಿಸಬೇಕು. ಎಂಟು ಅಕ್ಷರಗಳ ಒಂದು ಗುಪ್ತಸಂಕೇತ ಮರಳಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ನಾಲ್ಕು ದಿನದ ಆಯುಸ್ಸು. ಅಷ್ಟರೊಳಗೆ ಅದನ್ನೂ ಗುರುತಿನ ದಾಖಲೆಯನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. 2019ರ ಡಿಸೆಂಬರ್ 16ರಿಂದ ಬಂದ ನಿಯಮದಂತೆ ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ, ರಾಜ್ಯ ದಾಟಿದರೆ ಐದು ಕೆಲಸದ ದಿನಗಳಲ್ಲಿ ಬದಲಾವಣೆ ಆಗಬೇಕು. ಹಳೆಯ ಸಿಮ್ಮು ಸತ್ತ ಮೇಲೆ ಹೊಸದನ್ನು ಹಾಕಿಕೊಂಡರೆ ಆಯಿತು. ನಡುವೆ ಕೆಲವು ಗಂಟೆ ಸೇವೆ ಇರುವುದಿಲ್ಲ. ಬ್ಯಾಂಕಿನ ತುರ್ತು ವ್ಯವಹಾರ, ಮಕ್ಕಳ ಪರೀಕ್ಷೆಯ ಅರ್ಜಿ ಮುಂತಾದವು ಇರುವ ದಿನ ಇದನ್ನು ಇಟ್ಟುಕೊಳ್ಳಬೇಡಿ. ಮುಂಗಡ ಹಾಕಿಸಿದ ಹಣ ಉಳಿದಿದ್ದರೆ ಅದು ಹೊಸ ಕಂಪನಿಗೆ ಬರುವುದಿಲ್ಲ.

ಗುಪ್ತಸಂಕೇತ ಬಾರದಿರಲು ಕೆಲವು ಕಾರಣಗಳುಂಟು. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು. ತಿಂಗಳ ಬಿಲ್ಲಿನವರಾದರೆ ಬಾಕಿ ತೀರಿರಬೇಕು. 2024ರ ಜುಲೈ 1ರಿಂದ, ಸಿಮ್ಮು ಕಳೆದೋ ಕೆಟ್ಟೋ ಹೊಸದು ಪಡೆದಿದ್ದರೆ ಏಳು ದಿನ ಕಾಯಬೇಕು. ಮೋಸಗಾರರು ಬೇರೊಬ್ಬರ ಸಂಖ್ಯೆಯನ್ನು ಕದ್ದೊಯ್ಯುವುದನ್ನು ತಡೆಯಲು ಈ ಕಟ್ಟಳೆ. ಸಂಖ್ಯೆಯ ಒಡೆತನ ಒಬ್ಬರಿಂದ ಒಬ್ಬರಿಗೆ ಬದಲಾಗುವ ಅರ್ಜಿ ನಡೆಯುತ್ತಿದ್ದರೂ ಸಂಕೇತ ಬರುವುದಿಲ್ಲ. ಕೊನೆಯ ಈ ಮಾತು ಎಷ್ಟೋ ಮನೆಗಳಿಗೆ ತಟ್ಟುವಂಥದು. ಯಜಮಾನರು ತೀರಿಕೊಂಡ ಮೇಲೆ ಅವರ ಸಂಖ್ಯೆಯನ್ನು ಮನೆಯವರು ಹಾಗೆಯೇ ಬಳಸುತ್ತಿರುತ್ತಾರೆ. ದಾಖಲೆಯಲ್ಲಿ ಮಾತ್ರ ಅವರ ಹೆಸರೇ ಇರುತ್ತದೆ. ಮೊದಲು ಈಗಿನ ಕಂಪನಿಯಲ್ಲಿಯೇ ಮರಣಪತ್ರ ಕೊಟ್ಟು ಸಂಖ್ಯೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಅದು ಮುಗಿದ ಮೇಲೆ ಕಂಪನಿ ಬದಲಾವಣೆಗೆ ಕೈಹಾಕಬೇಕು. ನಾವು ಇದನ್ನರಿಯದೆ ಎರಡು ಸಲ ಸುಮ್ಮನೆ ಅಂಗಡಿಗೆ ಅಲೆದೆವು. ಈ ಲೇಖನ ಓದಿದ ಮೇಲೆ ನೀವು ಬೇರೇನು ಮಾಡದಿದ್ದರೂ, ಮನೆಯಲ್ಲಿರುವ ಸಂಖ್ಯೆಗಳು ಯಾರ ಯಾರ ಹೆಸರಿನಲ್ಲಿವೆ ಎಂದೊಮ್ಮೆ ನೋಡಿಕೊಳ್ಳಿ.

ಆ ಎಂಟು ಅಕ್ಷರಗಳನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಲೇಬೇಡಿ. ಹೊಸ ಕಂಪನಿಯ ಅಂಗಡಿಯಲ್ಲಿ ನೀವೇ ಎದುರು ಕುಳಿತು ಕೊಡುವ ಕೀಲಿ ಅದು. ಸಂಖ್ಯೆ ಹೋದರೆ ಅದರ ಹಿಂದೆಯೇ ಬ್ಯಾಂಕಿನ ಹಣವೂ ಹೋದೀತು.

ಯಾವ ಕಂಪನಿಗೆ ಹೋಗಬೇಕು? ಜಾಹೀರಾತಿಗಿಂತ ನಿಮ್ಮ ಅಡಿಗೆಮನೆಯೇ ಒಳ್ಳೆಯ ಸಾಕ್ಷಿ. ಬಂದ ನೆಂಟರ ಮೊಬೈಲುಗಳು ನಿಮ್ಮ ಮನೆಯ ಒಳಕೋಣೆಯಲ್ಲಿ ಹೇಗೆ ನುಡಿಯುತ್ತವೆ ಎಂದು ನೋಡಿ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಪ್ರಕಟಿಸಬೇಕೆಂಬ ನಿಯಮದಂತೆ 2025ರಿಂದ ಅವೂ ನೋಡಸಿಗುತ್ತವೆ. ಎರಡು ಸಿಮ್ಮಿನ ಮೊಬೈಲಿದ್ದವರು ಹಳೆಯದನ್ನು ಬಿಡದೆ, ಇನ್ನೊಂದು ಕಂಪನಿಯ ಸಿಮ್ಮನ್ನು ಜೊತೆಗಿಟ್ಟುಕೊಳ್ಳಲೂಬಹುದು. ಮನೆಯಲ್ಲಿ ವೈ-ಫೈ ಇದ್ದರೆ ಅದರ ಮೂಲಕವೇ ಕರೆ ಮಾಡುವ ಸೌಲಭ್ಯವನ್ನು ಈಗ ಹಲವು ಮೊಬೈಲುಗಳಲ್ಲಿ ತೆರೆದಿಡಬಹುದು. ಆ ವೈ-ಫೈ ಯಾವ ಕಂಪನಿಯದಾದರೂ ಅಡ್ಡಿಯಿಲ್ಲ.

ನೆರೆಯವರ ಹಾದಿಯಲ್ಲಿ

ಕಂಪನಿ ಬದಲಾಯಿಸದೆಯೂ ನಮ್ಮ ಮೊಬೈಲು ಬೇರೆಯವರ ಹಾದಿಯಲ್ಲಿ ಹೋಗುವ ಸಂದರ್ಭಗಳಿವೆ. ಮಳವಳ್ಳಿ, ಕೊಳ್ಳೇಗಾಲದ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ, ಪಾಲಾರಿನ ಗಡಿ ದಾಟಿದಿರಾದರೆ ನೀವು ತಮಿಳುನಾಡಿನ ವಲಯದಲ್ಲಿರುತ್ತೀರಿ. ಅಲ್ಲಿಯ ಜಾಲ ನಿಮ್ಮನ್ನು ಅತಿಥಿಯಂತೆ ಒಳಗೆ ಕರೆದು, ನಿಮ್ಮ ಮನೆಯ ಕಂಪನಿಯನ್ನು ವಿಚಾರಿಸಿ, ಸೇವೆ ಕೊಡುತ್ತದೆ. ಇದನ್ನು ರೋಮಿಂಗ್ ಎನ್ನುತ್ತಾರೆ. ಹಿಂದೆ ಗಡಿ ದಾಟಿದೊಡನೆ ಬರುವ ಕರೆಗೂ ಹಣ ಕಟ್ಟಬೇಕಿತ್ತು. ಈಗ ಸಾಮಾನ್ಯ ಯೋಜನೆಗಳಲ್ಲಿ ದೇಶದೊಳಗೆ ಆ ಭಯವಿಲ್ಲ. ಪರದೇಶಕ್ಕೆ ಹೋಗುವಾಗ ಮಾತ್ರ ಹೊರಡುವ ಮುನ್ನವೇ ಕಂಪನಿಗೆ ಹೇಳಿ ಅಂತರರಾಷ್ಟ್ರೀಯ ಸೌಲಭ್ಯವನ್ನು ತೆರೆಸಿಕೊಳ್ಳಬೇಕು, ದರವನ್ನೂ ಕೇಳಿಕೊಳ್ಳಬೇಕು.

ಒಂದೇ ರಾಜ್ಯದೊಳಗೆ ಒಬ್ಬ ಕಂಪನಿಯವನ ಗ್ರಾಹಕ ಇನ್ನೊಬ್ಬನ ಆಂಟೆನಾದಿಂದ ಮಾತಾಡಲು ಆ ಇಬ್ಬರೊಳಗೆ ಒಪ್ಪಂದವಿರಬೇಕು, ಇಲ್ಲವೆ ಸರ್ಕಾರ ಹೇಳಬೇಕು. ಚಂಡಮಾರುತದಂಥ ವಿಪತ್ತುಗಳಲ್ಲಿ ಸರ್ಕಾರ ಹೀಗೆ ಹೇಳುವುದುಂಟು. 2025ರ ಜನವರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು: ಸರ್ಕಾರದ ಡಿಜಿಟಲ್ ಭಾರತ ನಿಧಿಯ ಹಣದಿಂದ ಹಿಂದುಳಿದ ಹಳ್ಳಿಗಳಲ್ಲಿ ಕಟ್ಟಿದ ಸುಮಾರು 27,000 ಟವರುಗಳಿಂದ ಬೇರೆ ಕಂಪನಿಗಳ ಗ್ರಾಹಕರೂ 4ಜಿ ಸೇವೆ ಪಡೆಯುವ ಏರ್ಪಾಡು ಆರಂಭವಾಯಿತು. ಎಲ್ಲರ ತೆರಿಗೆಯ, ಎಲ್ಲರ ಬಿಲ್ಲಿನ ಹಣದಿಂದ ಕಟ್ಟಿದ ಕಂಬ ಎಲ್ಲರಿಗೂ ನುಡಿಯುವುದು ನ್ಯಾಯವೇ ಅಲ್ಲವೆ?

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. "ತುರ್ತು ಕರೆ ಮಾತ್ರ" ಎಂಬ ಬರಹದ ಅರ್ಥ ನಮ್ಮಲ್ಲಿ ಬಹುಜನಕ್ಕೆ ತಿಳಿದಿಲ್ಲ. ನಿಮ್ಮ ಕಂಪನಿಯ ಜಾಲ ಇಲ್ಲಿಲ್ಲ, ಆದರೆ ಬೇರೆ ಕಂಪನಿಯ ಜಾಲ ಕೇಳಿಸುತ್ತಿದೆ ಎಂಬುದು ಅದರ ಇಂಗಿತ. ಆಗ ಸಾಮಾನ್ಯ ಕರೆ ಹೋಗದು. ಆದರೆ 112 ಎಂಬ ಸಂಖ್ಯೆಯನ್ನು ಲೋಕದ ಎಲ್ಲ ಮೊಬೈಲುಗಳೂ ತುರ್ತಿನ ಸಂಖ್ಯೆಯೆಂದು ಹುಟ್ಟಿನಿಂದಲೇ ಅರಿತಿವೆ. ಅದನ್ನು ಒತ್ತಿದರೆ, ನಿಮ್ಮದಲ್ಲದ ಕಂಪನಿಯ ಜಾಲವೂ ಒಪ್ಪಂದ ಕೇಳದೆ ಕರೆಯನ್ನು ಹೊತ್ತೊಯ್ಯುತ್ತದೆ. ನಮ್ಮ ದೇಶದಲ್ಲಿ ಪೊಲೀಸು, ಅಗ್ನಿಶಾಮಕ, ವೈದ್ಯಕೀಯ ನೆರವುಗಳಿಗೆ ಇದೊಂದೇ ಸಂಖ್ಯೆಯೆಂದು ಗೊತ್ತುಮಾಡಿದ್ದಾರೆ. 108 ಒಳ್ಳೆಯ ಸೇವೆಯೇ. ಆದರೆ ಎಲ್ಲ ಯಂತ್ರಗಳೂ ಅದನ್ನು ತುರ್ತಿನ ಸಂಖ್ಯೆಯೆಂದು ಗುರುತಿಸುತ್ತವೆ ಎನ್ನುವಂತಿಲ್ಲ. ಆ ರಾತ್ರಿ ಅಕ್ಕ 112 ಒತ್ತಿದ್ದರೆ, ಪಕ್ಕದ ಹುಡುಗ ಯಾವ ಹಾದಿಯಲ್ಲಿ ಮಾತಾಡಿದನೋ ಅದೇ ಹಾದಿಯಲ್ಲಿ ಅವರ ಕರೆಯೂ ಹೋಗಬಹುದಿತ್ತು. ಹಾದಿ ಮನೆಯೊಳಗೇ ಇತ್ತು, ನಮಗೆ ತಿಳಿದಿರಲಿಲ್ಲ. ಮನೆಯ ಹಿರಿಯರಿಗೂ ಮಕ್ಕಳಿಗೂ ಈ ಮೂರು ಅಂಕಿಗಳನ್ನು ಇಂದೇ ಬಾಯಿಪಾಠ ಮಾಡಿಸಿ. ಸುಮ್ಮನೆ ಪರೀಕ್ಷೆಗೆಂದು ಮಾತ್ರ ಒತ್ತಬೇಡಿ. ನಿಜವಾಗಿ ಬೇಕಾದವರ ಹೊತ್ತು ಅದರಿಂದ ಹಾಳಾಗುತ್ತದೆ.

ಈಗ ಅಕ್ಕನ ಕೈಯಲ್ಲಿ ಮಗ ಕಳುಹಿಸಿದ ಯಂತ್ರವಿದೆ, ಭಾವನವರ ಸಂಖ್ಯೆಯಿದೆ, ಪಕ್ಕದ ಹುಡುಗನ ಕಂಪನಿಯ ಜಾಲವಿದೆ. ಮೊನ್ನೆ ನಡುಮನೆಯಿಂದಲೇ ಕರೆ ಮಾಡಿದ್ದರು. ಏನು ವಿಶೇಷ ಎಂದೆ. "ಏನಿಲ್ಲ ಕಣಪ್ಪ, ಒಳಗಿಂದ ಕೇಳುತ್ತದೋ ಇಲ್ಲವೋ ನೋಡಿದೆ" ಎಂದರು.